ಯಾಕೆ ಅನ್ನುವ ಕಾಲಂ

ಮದ್ರಾಸ್
8 ಮಾರ್ಚ್ 1988

ಪ್ರೀತಿಯ ಚಿಕ್ಕಿ,

ಎರಡು ವರ್ಷ ಕಾಗದ ಹಾಕದವಳು ಈಗ ಹಾಕಿದ್ದಾಳೆ ಅಂದರೆ ಏನೋ ಕೆಲಸ ಇರಬೇಕು ಅಂತ ಲಕೋಟೆ ಒಡೆಯುವ ಮೊದಲೇ ನೀನು ಅಂದುಕೊಂಡಿರುತ್ತೀಯ. ಕೆಲಸ ಇರುವುದು ನಿಜ. ಆದರೂ ಮೊದಲು ಕೇಳುತ್ತೇನೆ, ದೊಡ್ಡಮ್ಮನ ಮಂಡಿನೋವು ಹೇಗಿದೆ? ನಿನ್ನ ಅಂಗನವಾಡಿ ಮಕ್ಕಳಿಗೆ ಈಗಲೂ ಮಗ್ಗಿಯನ್ನು ಸೋಬಾನೆ ಧಾಟಿಯಲ್ಲೇ ಹೇಳಿಕೊಡುತ್ತೀಯಾ?

ನಾನಿಲ್ಲಿ ಮಾಡುತ್ತಿರುವುದಕ್ಕೆ ಸ್ಟ್ಯಾಟಿಸ್ಟಿಕಲ್ ಫಿಸಿಕ್ಸ್ ಅನ್ನುತ್ತಾರೆ. ಅಬ್ಬಾಗೆ ಅರ್ಥ ಮಾಡಿಸಲು ಹೋಗಿ ಸೋತಿದ್ದೇನೆ. ನಿನಗೆ ಹೇಳಬಹುದು. ರಾಮನಗರದ ನಮ್ಮ ಮನೆ ಹಿಂದೆ ರೇಷ್ಮೆ ಗೂಡು ಬೇಯಿಸುವ ಬೋಗುಣಿ ಇತ್ತಲ್ಲ, ಕಾಲೇಜು ಬಿಟ್ಟು ಬಂದು ಇಬ್ಬರೂ ಅದರ ಹಬೆಗೆ ಕೈ ಕಾಯಿಸುತ್ತಿದ್ದೆವಲ್ಲ. ನೀರು ಎಷ್ಟೋ ಹೊತ್ತು ಸುಮ್ಮನಿರುತ್ತದೆ. ಒಂದು ಹಂತ ದಾಟಿದ ಮೇಲೆ ಇಡೀ ಬೋಗುಣಿ ಒಟ್ಟಿಗೆ ಕುದಿಯುತ್ತದೆ. ಯಾವ ಹನಿ ಏನು ಮಾಡಿತು ಅಂತ ಕೇಳಬೇಕಾಗಿಲ್ಲ. ಕೋಟಿ ಹನಿ ಸೇರಿದಾಗ ಏನಾಗುತ್ತದೆ ಅನ್ನುವುದಕ್ಕೇ ಒಂದು ಲೆಕ್ಕ ಇದೆ. ಈಗ ಆ ಲೆಕ್ಕವನ್ನು ನೀರು ಬಿಟ್ಟು ಬೇರೆ ಕಡೆಯೂ ಹಚ್ಚಿ ನೋಡುತ್ತಿದ್ದಾರೆ. ಕಾಡಿಗೆ ಬೆಂಕಿ ಹರಡುವುದು, ಊರಿಗೆ ರೋಗ ಹರಡುವುದು, ಜನರ ಬಾಯಲ್ಲಿ ಸುದ್ದಿ ಹರಡುವುದು. ಮನೆ ಮನೆ ನಡುವೆ ಕೊಡುಕೊಳ್ಳುವುದು ಕಡಿಮೆಯಿದ್ದರೆ ರೋಗ ತಾನಾಗಿ ಸಾಯುತ್ತದೆ. ಒಂದು ಮಿತಿ ದಾಟಿತೋ, ಇಡೀ ಊರನ್ನು ಹಿಡಿಯುತ್ತದೆ.

ನನಗೆ ಒಂದು ನಿಜವಾದ ಊರು ಬೇಕು ಚಿಕ್ಕಿ. ನಿಮ್ಮ ತೋಪಿನದೊಡ್ಡಿ ನೆನಪಾಯಿತು. ನಲವತ್ತೆರಡು ಮನೆ, ಎಲ್ಲರೂ ರೇಷ್ಮೆ ಹುಳು ಸಾಕುವವರು, ಚಳಿ ಬಂತೆಂದರೆ ಹುಳುವಿಗೆ ಸುಣ್ಣಕಟ್ಟು ರೋಗ. ಹುಳು ಗೂಡು ಕಟ್ಟುವ ಚಂದ್ರಿಕೆ ತಟ್ಟಿ ಒಂದು ಮನೆಯಿಂದ ಇನ್ನೊಂದು ಮನೆಗೆ ಓಡಾಡುತ್ತಲೇ ಇರುತ್ತದೆ ಅಂತ ನೀನೇ ಹೇಳಿದ್ದೆ. ಅದನ್ನು ಬರೆದು ಕಳಿಸುತ್ತೀಯಾ? ನಾಲ್ಕು ಕಾಲಂ ಸಾಕು: ಯಾವ ಬೆಳೆ, ಯಾರ ಮನೆಯಿಂದ, ಯಾರ ಮನೆಗೆ, ರೋಗ ಬಂತೋ ಇಲ್ಲವೋ.

ಡಿಸೆಂಬರಿಗೆ ನನ್ನ ಫೆಲೋಶಿಪ್ ಮುಗಿಯುತ್ತದೆ. ಅಷ್ಟರಲ್ಲಿ ಏನಾದರೂ ತೋರಿಸದಿದ್ದರೆ ರಾಮನಗರಕ್ಕೆ ವಾಪಸ್ಸು. ವಾಪಸ್ಸು ಅಂದರೆ ಏನೇನು ಅಂತ ನಿನಗಿಂತ ಚೆನ್ನಾಗಿ ಗೊತ್ತಿರುವವರು ಯಾರಿದ್ದಾರೆ?

ನಿನ್ನವಳೇ ಆದ
ಫಿರೋಜಾ

*

ತೋಪಿನದೊಡ್ಡಿ, ಕೂಟಗಲ್ ಹೋಬಳಿ
27 ಮಾರ್ಚ್ 1988

ಲೇ ಫಿರೋಜಾ,

ಬೈದು ಬರೆಯೋಣ ಅಂತಲೇ ಕೂತೆ. ದೊಡ್ಡಮ್ಮ, "ಮೊದ್ಲು ಪೂರ್ತ ಓದೇ, ಆಮೇಕೆ ಬೈಯಿವಂತೆ" ಅಂದಳು. ಓದಿದೆ. ಪೂರ್ತ ಕೇಳಿಸಿಕೊಂಡು, "ಪಾಪ, ಆ ಮಗೀಗೆ ಲೆಕ್ಕ ಬೇಕಂತೆ, ಕೊಡಾನ ಬುಡು" ಅಂದಳು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದ ಹಾಗೆ ನಿನ್ನ ಲೆಕ್ಕವನ್ನೂ ಸಾಕುತ್ತಾಳಂತೆ. ನಿನಗೆ ಆ ಕನಕಪುರದ ಗಂಡು ಬಂದಾಗ ಹತ್ತು ದಿನ ನಮ್ಮ ಮನೆಯಲ್ಲಿ ಬಂದು ಕೂತಿದ್ದೆಯಲ್ಲ, ಆಗಿನಿಂದ ನೀನೂ ಅವಳ ಮಗಳೇ. ನಿಮ್ಮ ಅಬ್ಬನ ಮುಂದೆ ಕೂತು, "ಓದೋ ಹುಡ್ಗೀನ ಕಟ್ಟಾಕ್ಬ್ಯಾಡಿ ಸಾಬ್ರೆ" ಅಂತ ಅವಳು ಹೇಳಿದ್ದು ಈಗಲೂ ನಮ್ಮ ಊರಲ್ಲಿ ಜನ ಹೇಳಿಕೊಂಡು ನಗುತ್ತಾರೆ.

ಆದರೆ ನೀನು ನೂಲು ತೆಗೆಯುವವರ ಮಗಳು ಕಣೆ. ಗೂಡು ಬಿಚ್ಚುವುದು ಗೊತ್ತು, ಕಟ್ಟಿಸುವುದು ಗೊತ್ತಿಲ್ಲ. ಅದಕ್ಕೇ ನಾಲ್ಕು ಕಾಲಂ ಸಾಕು ಅಂದಿದ್ದೀಯ. ಸರಿಯಾಗಿ ಕೇಳು. ಹುಳು ಹಣ್ಣಾದ ಮೇಲೆ ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ಬೇಕಾಗುವುದು ಮೂರೋ ನಾಲ್ಕೋ ದಿನ. ಅಷ್ಟಕ್ಕೆ ಯಾರೂ ಮನೆ ತುಂಬ ಚಂದ್ರಿಕೆ ಮಾಡಿಸಿ ಇಟ್ಟುಕೊಳ್ಳುವುದಿಲ್ಲ. ಇವರದು ಮುಗಿದ ಮೇಲೆ ಅವರಿಗೆ. ಆದರೆ ಸುಣ್ಣಕಟ್ಟು ಬಂದು, ಹುಳುವೆಲ್ಲ ಬಳಪದ ಕಡ್ಡಿಯ ಹಾಗೆ ಬೆಳ್ಳಗೆ ಸೆಟೆದುಕೊಂಡ ಮನೆಗೆ ಯಾರೂ ಕೊಡುವುದಿಲ್ಲ. ಆ ಮನೆಯದನ್ನು ಯಾರೂ ಮುಟ್ಟುವುದಿಲ್ಲ. ಅಲ್ಲಿಗೆ ಹೋಗುವವಳು ದೊಡ್ಡಮ್ಮ ಒಬ್ಬಳೇ. ಕೆಟ್ಟ ಚಂದ್ರಿಕೆಗಳನ್ನು ತಾನೇ ಹೊತ್ತು ತಂದು, ಬ್ಲೀಚಿಂಗ್ ಪೌಡರ್ ನೀರಿನಲ್ಲಿ ತೊಳೆದು, ಐದು ದಿನ ಬಿಸಿಲಿಗೆ ಹಾಕುತ್ತಾಳೆ. ಮುಂದಿನ ಬೆಳೆಗೆ ಆ ಮನೆಯವರಿಗೆ ತನ್ನ ಒಳ್ಳೆಯ ಚಂದ್ರಿಕೆ ಕೊಡುತ್ತಾಳೆ.

ಮದುವೆಯಾದ ಮೂರನೇ ವರ್ಷ ಅವಳದೂ ಹೀಗೇ ಬೆಳೆ ಹೋಗಿತ್ತಂತೆ. ಊರೆಲ್ಲ ಬಾಗಿಲು ಹಾಕಿಕೊಂಡಿತಂತೆ. ಅವತ್ತು ದೊಡ್ಡಮಳೂರಿಗೆ ನಡೆದು ಹೋಗಿ, ಅಪ್ರಮೇಯಸ್ವಾಮಿಯ ಮುಂದೆ ನಿಂತು, ಇನ್ನು ಮೇಲೆ ಸೋತ ಮನೆಗೆ ಮೊದಲ ಚಂದ್ರಿಕೆ ನನ್ನದು ಅಂತ ಹರಕೆ ಹೊತ್ತು ಬಂದಳು. ನಮ್ಮೂರಲ್ಲಿ ಅದಕ್ಕೆ ಸೋತೋರ ಚಂದ್ರಿಕೆ ಅಂತಲೇ ಹೆಸರು.

ಅದಕ್ಕೇ ಐದನೆಯದಾಗಿ ಇನ್ನೊಂದು ಕಾಲಂ ಎಳೆದಿದ್ದೇನೆ: ಯಾಕೆ. ದೊಡ್ಡಮ್ಮನೇ ಹೇಳಿದ್ದು. "ಯಾಕೆ ಅಂತ ಬರ್ಕೊಳ್ದೆ ಯಾರ್ ಮನೆಗೋದೆ ಅಂತ ಬರ್ಕೊಂಡ್ರೆ ಏನ್ ಬಂತು? ಅಂಗೆ ನೋಡುದ್ರೆ ನಾನು ಊರೂರು ತಿರುಗೋ ಮಾರಿ ಕಂಡಂಗೆ ಕಾಣ್ತೀನಿ ಅಷ್ಟೇಯ." ಹಿಂದಿನ ಎರಡು ವರ್ಷದ್ದನ್ನೂ ಅವಳೇ ಹೇಳುತ್ತಾಳೆ. ಹಜಾರದ ಗೋಡೆಯ ಮೇಲೆ ಸುಣ್ಣದಲ್ಲಿ ಗೆರೆ ಎಳೆದು ಇಟ್ಟಿದ್ದಾಳೆ.

ಒಂದು ಮಾತು. ಮನೆಗಳಿಗೆ ನಾನೇ ನಂಬರು ಕೊಟ್ಟಿದ್ದೇನೆ. ನಮ್ಮದು ಹದಿನೇಳು. ಹೆಸರಿನ ಪಟ್ಟಿ ಬೇರೆ ಹಾಳೆಯಲ್ಲಿ ಕಳಿಸುತ್ತೇನೆ, ಅದು ನಿನ್ನ ಕಣ್ಣಿಗೆ ಮಾತ್ರ. ಬೆಳೆ ಕೆಟ್ಟ ಮನೆ ಅಂತ ಹೆಸರು ಹೊರಗೆ ಬಂದರೆ ಹುಳುವಿನ ಮೊಟ್ಟೆ ಕೊಡುವವರೂ ಗೂಡು ಕೊಳ್ಳುವವರೂ ಮುಖ ತಿರುಗಿಸುತ್ತಾರೆ. ಜನ ನನ್ನ ಮುಖ ನೋಡಿ ಬಾಯಿಬಿಡುತ್ತಾರೆ ಫಿರೋಜಾ, ನಿನ್ನ ಫಿಸಿಕ್ಸಿನ ಮುಖ ನೋಡಿ ಅಲ್ಲ.

ನಿನ್ನ
ಚಿಕ್ಕಿ

*

ಮದ್ರಾಸ್
11 ಆಗಸ್ಟ್ 1988

ಪ್ರೀತಿಯ ಚಿಕ್ಕಿ,

ಮೂರು ನೋಟ್‌ಬುಕ್ಕೂ ತಲುಪಿದವು. ಹನ್ನೊಂದು ಬೆಳೆ, ಆರುನೂರು ಚಿಲ್ಲರೆ ಸಾಲು. ಇಲ್ಲಿ ಉಳಿದವರೆಲ್ಲ ಯಾವುದೋ ದೇಶದ ಯಾರೋ ಬರೆದ ಅಂಕಿ ಇಟ್ಟುಕೊಂಡು ಕೂತಿದ್ದಾರೆ. ನನ್ನ ಮುಂದೆ ನಿನ್ನ ಕೈಬರಹ ಇದೆ.

ಭಾನುವಾರ ಇಡೀ ದಿನ ಕೊನೆಯ ಕಾಲಂ ಓದಿದೆ. 'ಯಾಕೆ: ಸೊಸೆ ಬಾಣಂತಿ, ಹುಳ ನೋಡೋರಿಲ್ಲ.' 'ಯಾಕೆ: ಯಾರೂ ಬಾಗ್ಲು ತೆಗೀನಿಲ್ಲ, ಅದ್ಕೆ ನಾನೋದೆ.' ದೊಡ್ಡಮ್ಮನೇ ಪಕ್ಕದಲ್ಲಿ ಕೂತು ಹೇಳಿದ ಹಾಗಾಯಿತು. ಯಾವ ಮನೆಯಿಂದ ಯಾವ ಮನೆಗೆ ರೋಗ ಹೋಯಿತು ಅಂತ ನಾನು ಬಾಣ ಎಳೆದು ಇಟ್ಟುಕೊಂಡಿದ್ದೆ. ರೋಗ ಬಂದ ಮೇಲೆಯೇ ಅವರು ಹೋಗುವುದು ಅಂದರೆ ನಾನು ಎಳೆದುಕೊಂಡಿದ್ದ ಬಾಣಗಳೆಲ್ಲ ತಿರುವುಮುರುವು ಆಗುತ್ತವಲ್ಲ, ನನಗೇ ನಗು ಬಂತು.

ತೊಂದರೆ ಒಂದೇ. ಕಂಪ್ಯೂಟರಿಗೆ ಅಂಕಿ ಬೇಕು. ಯಾಕೆ ಅನ್ನುವುದಕ್ಕೆ ಯಾವ ಅಂಕಿ ಕೊಡಲಿ? ನಮ್ಮ ಪ್ರೊಫೆಸರು, ಕಾರಣಗಳೆಲ್ಲ ಕಥೆ ಬರೆಯುವವರಿಗೆ, ಬಾಣವನ್ನೂ ತೆಗೆದುಬಿಡು, ಈ ಮನೆಗೂ ಆ ಮನೆಗೂ ಒಂದು ಗೆರೆ ಇದ್ದರೆ ಸಾಕು, ಸಮೀಕರಣ ಸಲೀಸಾಗುತ್ತದೆ ಅನ್ನುತ್ತಾರೆ. ಏನಾದರೂ ದಾರಿ ಹುಡುಕುತ್ತೇನೆ.

ಹೆಸರಿನ ಹಾಳೆ ನನ್ನ ಪೆಟ್ಟಿಗೆಯಲ್ಲಿ, ಅಮ್ಮಿಯ ಕಾಗದಗಳ ಕೆಳಗೆ ಇದೆ. ಬೀಗ ಹಾಕಿದ್ದೇನೆ. ಖುದಾನ ಆಣೆ.

ನಿನ್ನವಳೇ ಆದ
ಫಿರೋಜಾ

*

ತೋಪಿನದೊಡ್ಡಿ
2 ಸೆಪ್ಟೆಂಬರ್ 1988

ಲೇ ಫಿರೋಜಾ,

ಹುಳು ನಾಲ್ಕನೇ ಜ್ವರದಿಂದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು, ಎದ್ದಿದೆ. ಸೊಪ್ಪು ಹಾಕಿ ಹಾಕಿ ಬೆನ್ನು ಬಿದ್ದುಹೋಗಿದೆ. ಹಾಗಾಗಿ ಎರಡೇ ಮಾತು.

ನಿಮ್ಮ ಪ್ರೊಫೆಸರಿಗೆ ಹೇಳು, ಆ ಕೊನೆಯ ಕಾಲಂ ಬಿಟ್ಟು ಉಳಿದ ನಾಲ್ಕನ್ನು ಓದಬಾರದು ಅಂತ. ಓದಿದರೆ, ಸೂಲಗಿತ್ತಿ ಕಾಲಿಟ್ಟ ಮನೆಯಲ್ಲೆಲ್ಲ ಹೆಂಗಸರು ಬಸುರಾಗುತ್ತಾರೆ ಅಂದ ಹಾಗಾಗುತ್ತದೆ. ಬರೀ ಗೆರೆ ನೋಡಿದರೆ ರೋಗ ಬಂದ ಮನೆಯಿಂದೆಲ್ಲ ಗೆರೆ ಬಂದು ಸೇರುವುದು ನಮ್ಮ ಮನೆಗೆ. ನಿನಗೆ ಅದು ಗೊತ್ತು, ನಿನ್ನ ಕಂಪ್ಯೂಟರಿಗೆ ಗೊತ್ತಿಲ್ಲ. ಅದಕ್ಕೆ ಗೊತ್ತು ಮಾಡಿಸುವುದು ನಿನ್ನ ಕೆಲಸ.

ದೊಡ್ಡಮ್ಮ ನಿನ್ನನ್ನು ಕೇಳಿದೆ ಅಂತ ಬರೆಯಲು ಹೇಳಿದಳು. ಒಸಿ ದಪ್ಪ ಆಗಿದ್ದೀಯೋ ಅಥವಾ ಇನ್ನೂ ಕಡ್ಡಿ ಹಾಗೇ ಇದ್ದೀಯೋ ಅಂತ ಕೇಳುತ್ತಿದ್ದಾಳೆ.

ಚಿಕ್ಕಿ

*

ಮದ್ರಾಸ್
5 ಡಿಸೆಂಬರ್ 1988

ಚಿಕ್ಕಿ,

ಅವಸರದಲ್ಲಿ ಬರೆಯುತ್ತಿದ್ದೇನೆ. ಹೋದ ತಿಂಗಳು ಬೆಂಗಳೂರಿನ ಒಂದು ಸಭೆಯಲ್ಲಿ ನನ್ನ ಪೇಪರ್ ಓದಿದೆ. ಲೆಕ್ಕ ಎಷ್ಟು ಚೆನ್ನಾಗಿ ಕೂತಿತು ಗೊತ್ತಾ? ನಾವು ಕಾಗದದ ಮೇಲೆ ಹೇಳಿದ ಮಿತಿ, ತೋಪಿನದೊಡ್ಡಿಯಲ್ಲಿ ಅದೇ ಮಿತಿ. ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನಗೆ ಇಲ್ಲೇ ಮೂರು ವರ್ಷದ ಕೆಲಸ ಕೊಟ್ಟಿದ್ದಾರೆ. ಅಬ್ಬಾ ಫೋನಿನಲ್ಲಿ ಅತ್ತುಬಿಟ್ಟರು.

ಬೆಂಗಳೂರಿನ ತನಕ ಬಂದವಳು ರಾಮನಗರಕ್ಕೆ ಬರಲಾಗಲಿಲ್ಲ. ಎರಡೇ ದಿನ ಇತ್ತು. ಬೇಜಾರು ಮಾಡಿಕೊಳ್ಳಬೇಡ. ವಿವರ ಆಮೇಲೆ ಬರೆಯುತ್ತೇನೆ.

ದೊಡ್ಡಮ್ಮನ ಮಂಡಿಗೆ ಒಂದು ಸೀಸೆ ಎಣ್ಣೆ ಪಾರ್ಸೆಲ್ ಮಾಡಿದ್ದೇನೆ.

ಫಿರೋಜಾ

*

ತೋಪಿನದೊಡ್ಡಿ
19 ಜನವರಿ 1989

ಫಿರೋಜಾ,

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಆಮೇಲೆ ಒಂದು ಪ್ರಶ್ನೆ ಕೇಳುತ್ತೇನೆ. ಉತ್ತರ ಕೊಡು.

ಸಂಕ್ರಾಂತಿ ಕಳೆದು ಎರಡನೇ ದಿನ ರೋಗ ತಡೆ ಸಮಿತಿ ಅಂತ ಹೊಸದಾಗಿ ಒಂದು ಮಾಡಿಕೊಂಡಿದ್ದಾರಲ್ಲ, ಅವರ ಜೀಪು ಬಂತು. ಇಳಿದ ಸಾಹೇಬರು ಅರಳಿಕಟ್ಟೆಯ ಹತ್ತಿರ ನಿಂತು, "ಹದಿನೇಳನೇ ನಂಬರ್ ಮನೆ ಯಾವುದಮ್ಮ? ದೊಡ್ಡಲಕ್ಷ್ಮಮ್ಮ ಅನ್ನೋರದು?" ಅಂತ ಕೇಳಿದರು. ಅಂಗನವಾಡಿ ಬಾಗಿಲಲ್ಲಿ ನಿಂತಿದ್ದೆ. ಪಂಚಾಯ್ತಿ ಪುಸ್ತಕದಲ್ಲಿ ನಮ್ಮ ಮನೆ ನಂಬರು ಮೂವತ್ತೊಂದು. ಹದಿನೇಳು ಅನ್ನುವುದು ನನ್ನ ನೋಟ್‌ಬುಕ್ಕಿನಲ್ಲಿ ಬಿಟ್ಟು ಈ ಭೂಮಿಯ ಮೇಲೆ ಎಲ್ಲೂ ಇಲ್ಲ.

ಟೈಪು ಮಾಡಿದ ಕಾಗದ ತೆಗೆದು ಊರವರ ಮುಂದೆ ಓದಿದರು. ಸುಣ್ಣಕಟ್ಟು ಬಂದ ಮನೆಗಳಲ್ಲಿ ಹತ್ತಕ್ಕೆ ಒಂಬತ್ತು ಮನೆಗೆ ಹದಿನೇಳನೇ ಮನೆಯ ಸಂಬಂಧ ಇದೆ, ಆ ಒಂದು ಮನೆಯ ಕೊಡುಕೊಳ್ಳುವಿಕೆ ನಿಲ್ಲಿಸಿದರೆ ಊರಿನ ರೋಗ ನಿಲ್ಲುತ್ತದೆ, ಇನ್ನು ಆ ಮನೆಯ ಚಂದ್ರಿಕೆ ಮುಟ್ಟಿದವರಿಗೆ ಮೊಟ್ಟೆ ಸಿಗುವುದಿಲ್ಲ. ದೊಡ್ಡಮ್ಮ ಮುಂದೆ ಬಂದು, "ತೊಳ್ದು ಒಣಗ್ಸಿ ಮಡಗಿವ್ನಿ ಸ್ವಾಮಿ, ಬೇಕಾರೆ ಮೂಸಿ ನೋಡಿ" ಅಂದಳು. ಅವರು ಒರಟಾಗಿ ಮಾತಾಡಲಿಲ್ಲ, ಅದನ್ನೂ ಹೇಳಬೇಕು. "ಇದು ಕಂಪ್ಯೂಟರ್ ಹಾಕಿರೋ ಲೆಕ್ಕ ಅಮ್ಮ. ನಾನು ಹೇಳ್ತಿರೋದಲ್ಲ" ಅಂದರು.

ಮೂವತ್ತೆರಡು ಚಂದ್ರಿಕೆಯನ್ನು ನಮ್ಮ ಅಂಗಳದಲ್ಲೇ ಸುಟ್ಟರು. ಒಳಗಿನಿಂದ ಮೊದಲ ಚಂದ್ರಿಕೆ ಹೊತ್ತು ತಂದವನು ಒಂಬತ್ತನೇ ಮನೆಯ ಮುನಿಶಾಮಯ್ಯ. ಎರಡು ಸಲ ಅವನ ಬೆಳೆ ಹೋದಾಗ ಎರಡು ಸಲವೂ ದೊಡ್ಡಮ್ಮನೇ ಹೋಗಿದ್ದಳು. ನಿನ್ನ ನೋಟ್‌ಬುಕ್ಕಿನಲ್ಲಿ ಅದೂ ಇದೆ. ಅವಳು ಏನು ಅಂತ ಊರಿಗೆಲ್ಲ ಗೊತ್ತು. ಆದರೂ ಮೊಟ್ಟೆ ಸಿಗದಿದ್ದರೆ ಒಲೆ ಉರಿಯುವುದಿಲ್ಲ ಅನ್ನುವುದೂ ಗೊತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಅದರಲ್ಲೂ ಟೈಪು ಮಾಡಿ ಹೇಳಿದರೆ ಕೇಳಬೇಕೇ?

ದೊಡ್ಡಮ್ಮ ಅಳಲಿಲ್ಲ. ಬೆಂಕಿ ಆರಿದ ಮೇಲೆ ಹಜಾರಕ್ಕೆ ಬಂದು ಗೋಡೆಯ ಗೆರೆಗಳ ಮುಂದೆ ಕೂತಳು. "ಈ ಲೆಕ್ಕ ಹೇಳ್ದೋಳು ನಾನೇ ಅಲ್ವೇನೆ ಮಗಾ" ಅಂದಳು.

ಪ್ರಶ್ನೆ ಇಷ್ಟೇ. ಬೀಗ ಹಾಕಿದ ಪೆಟ್ಟಿಗೆಯಿಂದ ಹೆಸರು ಹೇಗೆ ಹೊರಗೆ ಬಂತು?

ಚಿಕ್ಕಲಕ್ಷ್ಮಮ್ಮ

*

ಮದ್ರಾಸ್
4 ಫೆಬ್ರವರಿ 1989

ಚಿಕ್ಕಿ,

ನಿನ್ನ ಕಾಗದ ಬಂತು. ನನ್ನನ್ನು ನಂಬು, ಹೀಗಾಗುತ್ತದೆ ಅಂತ ನಾನು ಕನಸಿನಲ್ಲೂ ಅಂದುಕೊಂಡಿರಲಿಲ್ಲ.

ಪೇಪರಿನಲ್ಲಿ ಬರೀ ನಂಬರು ಇತ್ತು. ಸಭೆ ಮುಗಿದ ಮೇಲೆ ಆ ಸಮಿತಿಯವರು ಬಂದು ಹದಿನೇಳು ಯಾವ ಮನೆ, ಅವರಿಗೆ ನಾವು ಸಹಾಯ ಮಾಡಬಹುದು ಅಂದರು. ಔಷಧಿ ಕೊಡುತ್ತಾರೆ, ಹೊಸ ಚಂದ್ರಿಕೆ ಕೊಡುತ್ತಾರೆ ಅಂದುಕೊಂಡೆ. ಒಂದೇ ಒಂದು ಹೆಸರು ಹೇಳಿದೆ. ಪಟ್ಟಿ ಕೊಟ್ಟಿಲ್ಲ. ಉಳಿದ ಹೆಸರುಗಳು ಈಗಲೂ ಬೀಗದಲ್ಲೇ ಇವೆ.

ಕೊನೆಯ ಕಾಲಂ ವಿಷಯ. ಅದು ದೊಡ್ಡಮ್ಮನ ಒಳ್ಳೆಯತನದ ಮಾತು ಅಂತ ಮಾತ್ರ ನಾನು ಓದಿಕೊಂಡಿದ್ದೆ. ಮೊದಲು ರೋಗ, ಆಮೇಲೆ ದೊಡ್ಡಮ್ಮ ಅನ್ನುವ ಕ್ರಮ ಅದರಲ್ಲಿ ಇದೆ ಅಂತ ಆಗ ನನಗೆ ಹೊಳೆಯಲೇ ಇಲ್ಲ. ನಿಮ್ಮ ಪದ್ಧತಿ ನನಗೆ ಅಷ್ಟು ಗೊತ್ತಿಲ್ಲ, ನೀನೇ ಹೇಳಿದ್ದೆಯಲ್ಲ, ನೂಲು ತೆಗೆಯುವವರ ಮಗಳು ನಾನು. ಅಂಕಿಯಲ್ಲಿ ತಪ್ಪಿಲ್ಲ. ಅರ್ಥ ಮಾಡಿಕೊಂಡಿದ್ದರಲ್ಲಿ ತಪ್ಪಾಯಿತು.

ದೊಡ್ಡಮ್ಮನ ಕಾಲು ಹಿಡಿದೆ ಅಂತ ಹೇಳು.

ನಿನ್ನ
ಫಿರೋಜಾ

*

ತೋಪಿನದೊಡ್ಡಿ
15 ಫೆಬ್ರವರಿ 1989

ಫಿರೋಜಾ ಅವರಿಗೆ,

ನಿಮ್ಮ ಕಾಗದಗಳನ್ನು ನಾನು ಎಸೆಯುವುದಿಲ್ಲ. ಸೀರೆ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಅದರಲ್ಲಿ ಹೋದ ವರ್ಷದ ಆಗಸ್ಟ್ ಹನ್ನೊಂದರದು ಒಂದಿದೆ. ಅದರ ಒಂದು ಸಾಲನ್ನು ಹಾಗೇ ಇಳಿಸಿದ್ದೇನೆ: 'ರೋಗ ಬಂದ ಮೇಲೆಯೇ ಅವರು ಹೋಗುವುದು ಅಂದರೆ ನಾನು ಎಳೆದುಕೊಂಡಿದ್ದ ಬಾಣಗಳೆಲ್ಲ ತಿರುವುಮುರುವು ಆಗುತ್ತವಲ್ಲ, ನನಗೇ ನಗು ಬಂತು.'

ಹೊಳೆದಿತ್ತು. ನಗುವೂ ಬಂದಿತ್ತು. ಸೆಪ್ಟೆಂಬರಿನಲ್ಲಿ ನಾನು ಸೂಲಗಿತ್ತಿಯ ಮಾತು ಬೇರೆ ಬರೆದು ಹೇಳಿದ್ದೆ. ಹೆಸರು ಹೇಳಿದ್ದನ್ನು ಬಾಯಿ ಜಾರಿತು ಅಂತ ನಾನು ಕ್ಷಮಿಸುತ್ತಿದ್ದೆನೋ ಏನೋ. ನಾನೂ ಎಷ್ಟೋ ಸಲ ಬಾಯಿ ಜಾರಿದವಳೇ. ಆದರೆ ಗೊತ್ತಿದ್ದೂ ಗೊತ್ತಿರಲಿಲ್ಲ ಅಂತ ನನಗೇ ಬರೆದಿರಲ್ಲ, ನನಗೆ, ಅದನ್ನು ಎಲ್ಲಿ ಇಟ್ಟುಕೊಳ್ಳಲಿ?

ಉಂಡ ಮನೆಯ ಜಂತೆ ಎಣಿಸಬಾರದು ಅಂತ ನಮ್ಮಲ್ಲಿ ಒಂದು ಮಾತಿದೆ. ಹತ್ತು ದಿನ ಆ ಮನೆಯಲ್ಲಿ ಮುದ್ದೆ ಉಂಡವರು ನೀವು. ನೀವು ಜಂತೆ ಎಣಿಸಲಿ ಅಂತ ಏಣಿ ಹಿಡಿದು ನಿಂತವಳು ನಾನು. ನನ್ನ ಸಿಟ್ಟು ಅರ್ಧ ನಿಮ್ಮ ಮೇಲೆ, ಅರ್ಧ ಆ ಏಣಿಯ ಮೇಲೆ.

ಎಣ್ಣೆ ಸೀಸೆಯನ್ನು ವಾಪಸ್ಸು ಕಳಿಸಿದ್ದೇನೆ. ದೊಡ್ಡಮ್ಮ ಅದರ ಮುಚ್ಚಳ ತೆಗೆದಿಲ್ಲ. ಇನ್ನು ಕಾಗದ ಬೇಡ.

ಚಿಕ್ಕಲಕ್ಷ್ಮಮ್ಮ
ಅಂಗನವಾಡಿ ಕಾರ್ಯಕರ್ತೆ, ತೋಪಿನದೊಡ್ಡಿ

*

ಮದ್ರಾಸ್
10 ಜನವರಿ 1990

ಚಿಕ್ಕಿ,

ಬೇಡ ಅಂದಿದ್ದೆ. ಹನ್ನೊಂದು ತಿಂಗಳು ತಡೆದುಕೊಂಡೆ. ಈ ಕಾಗದವನ್ನು ಒಡೆಯದೆ ಒಲೆಗೆ ಹಾಕಿದರೂ ನಿನ್ನನ್ನು ದೂರುವುದಿಲ್ಲ.

ನಾನು ಸುಳ್ಳು ಬರೆದಿದ್ದೆ. ಗೊತ್ತಿತ್ತು. ಬಾಣ ಇಟ್ಟು ಒಂದು ಸಲ ಲೆಕ್ಕ ಹಾಕಿಯೂ ನೋಡಿದ್ದೆ. ಕೂರಲಿಲ್ಲ. ತೆಗೆದು ಹಾಕಿದೆ, ಕೂತಿತು.

ಅಬ್ಬಾ ಹೇಳಿದರು, ಈ ಚಳಿಗೆ ನಿಮ್ಮ ಊರಲ್ಲಿ ಇಪ್ಪತ್ತೊಂಬತ್ತು ಮನೆಯ ಬೆಳೆ ಹೋಯಿತಂತೆ, ಗೂಡಿನ ಮಾರುಕಟ್ಟೆಗೆ ನಿಮ್ಮ ಕಡೆಯಿಂದ ಬುಟ್ಟಿಯೇ ಬರುತ್ತಿಲ್ಲವಂತೆ. ಹಿಂದೆ ಯಾವ ಚಳಿಗೂ ಒಂಬತ್ತು ದಾಟಿರಲಿಲ್ಲ. ಹದಿನೇಳನೇ ಮನೆ ತೆಗೆದರೆ ರೋಗ ನಿಲ್ಲುತ್ತದೆ ಅಂದವಳು ನಾನು. ತೆಗೆದ ಮೇಲೆ ಮೂರು ಪಟ್ಟಾಯಿತು. ರೋಗಕ್ಕೆ ಅಡ್ಡ ನಿಂತಿದ್ದ ಮನೆಯನ್ನೇ ನಾನು ರೋಗದ ಮೂಲ ಅಂತ ತೋರಿಸಿದ್ದೆ.

ಇನ್ನೊಂದು ವಿಷಯ ಇದೆ, ಅದಕ್ಕೇ ಬರೆಯುತ್ತಿದ್ದೇನೆ. ಆ ಸಮಿತಿಯವರು ಕನಕಪುರ, ಚನ್ನಪಟ್ಟಣ, ಮಾಗಡಿಯ ಹಳ್ಳಿಗಳಲ್ಲೂ ನನ್ನ ಲೆಕ್ಕವನ್ನೇ ಹಚ್ಚಲು ಹೊರಟಿದ್ದಾರೆ. ಅಲ್ಲೆಲ್ಲ ಎಷ್ಟು ಜನ ದೊಡ್ಡಮ್ಮಂದಿರು ಇದ್ದಾರೋ ಗೊತ್ತಿಲ್ಲ. ತಪ್ಪಾಗಿದೆ ಅಂತ ಪತ್ರ ಬರೆದೆ. ಅಂಕಿ ತೋರಿಸಿ ಅನ್ನುತ್ತಾರೆ. ಈ ಚಳಿಗಾಲದ ಅಂಕಿ ಇರುವುದು ನಿನ್ನ ಹತ್ತಿರ ಮಾತ್ರ. ನೀನು ಬರೆಯುವುದನ್ನು ನಿಲ್ಲಿಸಿರುವುದಿಲ್ಲ ಅಂತ ನನಗೆ ಗೊತ್ತು.

ಮತ್ತೆ ನಿನ್ನ ಮುಂದೆಯೇ ಕೈ ಒಡ್ಡುತ್ತಿದ್ದೇನೆ. ನಾಚಿಕೆ ಇಲ್ಲ ಅಂತ ಅಲ್ಲ.

ಫಿರೋಜಾ

*

ತೋಪಿನದೊಡ್ಡಿ
4 ಫೆಬ್ರವರಿ 1990

ಫಿರೋಜಾ,

ಒಲೆಗೆ ಹಾಕಲು ತೆಗೆದುಕೊಂಡು ಹೋದೆ. ದೊಡ್ಡಮ್ಮ ಕೈಯಿಂದ ಕಿತ್ತುಕೊಂಡು, "ಓದು" ಅಂದಳು.

ನೀನು ಅಂದದ್ದು ಸರಿ, ಬರೆಯುವುದನ್ನು ನಾನು ನಿಲ್ಲಿಸಲಿಲ್ಲ. ಚಟ ಹತ್ತಿಸಿದವಳು ನೀನೇ. ದೊಡ್ಡಮ್ಮ ಮನೆಯಲ್ಲಿ ಕೂತ ಮೇಲೆ ಸೋತ ಮನೆಯವರು ಸೋತೆವು ಅಂತ ಬಾಯಿಬಿಡುವುದನ್ನೇ ಬಿಟ್ಟರು. ಕೆಟ್ಟ ಚಂದ್ರಿಕೆಯನ್ನು ತೊಳೆಯದೆ ಬಳಸಿದರು, ಏನೂ ಆಗಿಲ್ಲ ಅಂತ ಪಕ್ಕದವರಿಗೂ ಕೊಟ್ಟರು. ಮೊಟ್ಟೆ ನಿಂತೀತು ಅನ್ನುವ ಭಯಕ್ಕೆ ಒಬ್ಬರಿಗೊಬ್ಬರು ಸುಳ್ಳು ಹೇಳಿದರು. ಬೆಳೆ ಪೂರ್ತಿ ಹೋದ ಮೇಲೆ ಒಬ್ಬೊಬ್ಬರೇ ಬಂದು ನನ್ನ ಹತ್ತಿರ ನಿಜ ಹೇಳಿದರು. ನಿನ್ನ ಬೋಗುಣಿಯ ನೀರು ಸುಳ್ಳು ಹೇಳುವುದಿಲ್ಲ ನೋಡು. ಜನ ಹೇಳುತ್ತಾರೆ. ಕಲಿತವರೂ ಹೇಳುತ್ತಾರೆ.

ದೀಪಾವಳಿ ಆದ ಮೇಲೆ ನಿಮ್ಮ ಅಬ್ಬಾ ಬಂದಿದ್ದರು. ನಿನಗೆ ಹೇಳಿದರೋ ಇಲ್ಲವೋ. ಕೂಟಗಲ್ ಬಸ್ಸಿನ ಟಾಪಿನ ಮೇಲೆ ಎಂಟು ಹೊಸ ಚಂದ್ರಿಕೆ ಹಾಕಿಕೊಂಡು, ಮಾಗಡಿಯ ಮೇದರವರ ಹತ್ತಿರ ಹೇಳಿ ಮಾಡಿಸಿದ್ದಂತೆ, ನಮ್ಮ ಬಾಗಿಲಿಗೆ ಬಂದು ಬಿಸಿಲಲ್ಲೇ ನಿಂತಿದ್ದರು. "ಅಕ್ಕಾ, ಮಗಳ ಪರವಾಗಿ ತಂದಿಲ್ಲ ನಾನು. ಅವಳದು ಅವಳೇ ನೋಡ್ಕೋಬೇಕು. ಇದು ನನ್ದು. ಅವಳ್ನ ಓದ್ಸಿ ಅಂತ ನೀವು ಹೇಳಿದ್ರಿ, ಓದ್ಸಿದೋನು ನಾನಲ್ವಾ" ಅಂದರು. ದೊಡ್ಡಮ್ಮ, "ಒಳಿಕ್ಕೆ ಬನ್ನಿ ಸಾಬ್ರೆ, ಮಜ್ಜಿಗೆ ಕುಡೀರಿ" ಅಂದಳು. ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿ, "ಇರ್ಲಿ ಬುಡಿ. ಕೇಳೋರು ಯಾರವ್ರೆ ಈಗ" ಅಂದಳು. ಅವರು ಮಜ್ಜಿಗೆ ಲೋಟ ಹಿಡಿದುಕೊಂಡೇ ಕೂತಿದ್ದರು, ಕುಡಿಯಲಿಲ್ಲ.

ಹೋದ ವಾರ ಮುನಿಶಾಮಯ್ಯನ ಬೆಳೆ ಪೂರ್ತಿ ಹೋಯಿತು. ಅವನ ಹೆಂಡತಿ ಬಂದು ನಮ್ಮ ಜಗುಲಿಯ ಕೆಳಗೆ ನಿಂತಳು, ಮೇಲೆ ಹತ್ತಲಿಲ್ಲ. ನಾನು ಬಾಗಿಲು ಹಾಕಲು ಎದ್ದೆ. ದೊಡ್ಡಮ್ಮ ನನ್ನನ್ನು ದಾಟಿಕೊಂಡು ಹೋಗಿ, ನಿಮ್ಮ ಅಬ್ಬಾ ತಂದ ಎಂಟು ಚಂದ್ರಿಕೆಯನ್ನೂ ಅವಳಿಗೆ ಒಪ್ಪಿಸಿ, ಮೊದಲನೆಯದನ್ನು ಅವಳ ತಲೆಗೆ ಹೊರಿಸಿ, ಕೆಟ್ಟವನ್ನು ತರಲು ತಾನೂ ಹಿಂದೆ ಹೊರಟಳು. "ಅವನೇ ಅಲ್ವಾ ಮೊದ್ಲು ಬೆಂಕಿಗಾಕ್ದೋನು? ಮೊಟ್ಟೆ ನಿಲ್ಸುದ್ರೆ ಏನ್ ಮಾಡ್ತಾರೆ?" ಅಂತ ಕೂಗಿದೆ. ತಿರುಗಿ, "ಅವನಿಗೆ ನಾಕು ಮಕ್ಳು. ಮೊಟ್ಟೆ ನಿಂತೋಯ್ತದೆ ಅಂತ ಹೆದ್ರುಕಂಡ. ಯಾಕೆ ಅಂತ ಗೊತ್ತಾದ್ಮೇಕೆ ಕ್ವಾಪ ಎಲ್ಲಿಂದ ತರ್ಲಿ?" ಅಂದಳು. ಕುಂಟಿಕೊಂಡೇ ಹೋದಳು.

ಸಂಜೆ ಕೈಕಾಲು ತೊಳೆದು ಕೂತವಳು ಕೇಳಿದಳು, "ಆ ಹುಡ್ಗಿ ಯಾಕಂಗೆ ಮಾಡ್ತಂತೆ? ಕೇಳ್ದಾ?" ನಾನು ಕೇಳಿರಲಿಲ್ಲ ಫಿರೋಜಾ. ಹೆಸರು ಹೇಗೆ ಹೊರಗೆ ಬಂತು ಅಂತ ಕೇಳಿದ್ದೆ. ಯಾಕೆ ಅಂತ ಕೇಳಿರಲಿಲ್ಲ. ನೀನೂ ಹೇಳಲಿಲ್ಲ, ಈ ಕಾಗದದಲ್ಲೂ ಹೇಳಿಲ್ಲ.

ನಾನು ದೊಡ್ಡಮ್ಮ ಅಲ್ಲ. ನನ್ನ ಸಿಟ್ಟು ಇನ್ನೂ ಹಾಗೇ ಇದೆ. ಆದರೆ ಕನಕಪುರದಲ್ಲೋ ಮಾಗಡಿಯಲ್ಲೋ ಇನ್ನೊಬ್ಬಳ ಅಂಗಳದಲ್ಲಿ ಬೆಂಕಿ ಹಾಕುವುದು ಬೇಡ. ಈ ಚಳಿಗಾಲದ ನೋಟ್‌ಬುಕ್ಕನ್ನು ಜೊತೆಯಲ್ಲಿ ಕಳಿಸಿದ್ದೇನೆ. ಹೆಸರಿನ ಹಾಳೆ ಇಲ್ಲ, ಕೇಳಬೇಡ. ಈ ಸಲ ಯಾಕೆ ಅನ್ನುವುದನ್ನು ಮೊದಲನೇ ಕಾಲಂ ಮಾಡಿದ್ದೇನೆ, ಹೊಲಿಗೆಯ ಪಕ್ಕದಲ್ಲೇ. ಅದನ್ನು ಕತ್ತರಿಸಿ ತೆಗೆಯಲು ಹೋದರೆ ಪುಸ್ತಕವೇ ಬಿಚ್ಚಿಹೋಗುತ್ತದೆ.

ಎಲ್ಲ ಸಾಲಿನಲ್ಲೂ ಆ ಕಾಲಂ ತುಂಬಿದೆ. ಮೊದಲನೇ ಸಾಲಿನಲ್ಲಿ ಮಾತ್ರ ಇಲ್ಲ. ಆ ಸಾಲು ಹೀಗಿದೆ. ಬೆಳೆ: 1988ರ ಚಳಿಗಾಲ. ಯಾರ ಮನೆಯಿಂದ: ಹದಿನೇಳು. ಯಾರ ಮನೆಗೆ: ಜಬ್ಬಾರ್ ಸಾಬರ ಮಗಳು ಫಿರೋಜಾ. ರೋಗ: ಬಂತು.

ಯಾಕೆ ಅನ್ನುವಲ್ಲಿ ಖಾಲಿ ಬಿಟ್ಟಿದ್ದೇನೆ. ಅಲ್ಲಿ ನಿನ್ನ ಕೈಯಿಂದ ಬರೆದು, ಆ ಸಾಲನ್ನು ಬೇರೆ ಹಾಳೆಯಲ್ಲಿ ಇಳಿಸಿ ನನಗೆ ಕಳಿಸು. ಯುಗಾದಿಯ ತನಕ ಕಾಯುತ್ತೇನೆ. ಬರದಿದ್ದರೆ, ನೀನು ನಮ್ಮನ್ನು ಓದಿದ ಹಾಗೆ, ನಾನೂ ಆ ಕಾಲಂ ಬಿಟ್ಟೇ ನಿನ್ನನ್ನು ಓದಿಕೊಳ್ಳುತ್ತೇನೆ.

ಚಿಕ್ಕಲಕ್ಷ್ಮಮ್ಮ
ಹದಿನೇಳನೇ ಮನೆ